ಕಾರಿನ ಸಣ್ಣ ಬಲ್ಬುಗಳನ್ನು ಮನೆಯಲ್ಲೇ ಬದಲಿಸುವುದು ಹೇಗೆ? – ಮಳೆಗಾಲಕ್ಕೆ ಮುಂಚೆ ಸದಸ್ಯರಿಗೊಂದು ಮಾಹಿತಿ



ನಮ್ಮ ತಾಳಮದ್ದಳೆಯಾಗಲಿ, ಸಾಹಿತ್ಯಗೋಷ್ಠಿಯಾಗಲಿ ಮುಗಿಯುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಸದಸ್ಯರು ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಮಂಜೇಶ್ವರದ ಕಡೆಗೆ ಕಾರಿನಲ್ಲಿ ಹೊರಡುತ್ತಾರೆ. ಹಾಗೆ ಹೊರಟ ಕಾರುಗಳಲ್ಲಿ ಒಂದೆರಡರ ಹಿಂದಿನ ದೀಪ ಉರಿಯದಿರುವುದನ್ನು ನಾವು ಹಲವು ಸಲ ಕಂಡಿದ್ದೇವೆ. ಓಡಿಸುವವರಿಗೆ ಅದು ಗೊತ್ತೇ ಇರುವುದಿಲ್ಲ. ಓಡಿಸುತ್ತಿರುವಾಗ ತಮ್ಮ ಕಾರಿನ ಹಿಂಬದಿಯನ್ನು ನೋಡಲು ಯಾರಿಗೂ ಸಾಧ್ಯವಿಲ್ಲವಷ್ಟೆ.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಕಾರು ಹೆಚ್ಚು ಓಡುವುದಿಲ್ಲ, ಆದರೆ ಓಡಬೇಕಾದ ದಿನ ಓಡಲೇಬೇಕು. ರಾತ್ರಿ ಮನೆಯವರಿಗೆ ಎದೆನೋವು ಬಂದರೆ ಮಂಗಳೂರಿನ ಆಸ್ಪತ್ರೆಗೆ ಸುಮಾರು 50 ಕಿಲೋಮೀಟರು ಹೆದ್ದಾರಿಯಲ್ಲಿ ಹೋಗಬೇಕು, ಅದೂ ಆಟಿ ತಿಂಗಳ ಮಳೆಯಲ್ಲಿ. ಹಿಂದೆ ಬರುವ ಲಾರಿಯವನಿಗೆ ಆ ಹೊತ್ತಿನಲ್ಲಿ ನಮ್ಮ ಕಾರೆಂದರೆ ಎರಡು ಕೆಂಪು ದೀಪ, ಅಷ್ಟೇ. ಆ ಬಲ್ಬಿನ ಬೆಲೆ ಹೋಟೆಲಿನಲ್ಲಿ ಒಂದು ತಿಂಡಿಗೆ ಕೊಡುವಷ್ಟು. ಬದಲಿಸುವ ಕೆಲಸ ಹದಿನೈದು ನಿಮಿಷದ್ದು. ಆದ್ದರಿಂದ ಈ ಬಾರಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇವೆ.

ಕಾನೂನು ಹೇಳುವುದೇನು?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೇ ನಿಯಮ ದೀಪಗಳ ಕುರಿತಾದದ್ದು. ಕತ್ತಲಾದ ಮೇಲೆ ಮಾತ್ರವಲ್ಲ, ಬೆಳಕು ಸಾಲದಿರುವ ಯಾವ ಹೊತ್ತಿನಲ್ಲೂ ದೀಪ ಉರಿಯುತ್ತಿರಬೇಕು. ಜಡಿಮಳೆಯ ಹಗಲೂ ಇದರಲ್ಲಿ ಸೇರಿತು. ಹಿಂದಿನ ಎರಡು ಕೆಂಪು ದೀಪಗಳು 155 ಮೀಟರು ದೂರದಿಂದ ಕಾಣಬೇಕು. ಹಿಂದಿನ ನಂಬರ್ ಪ್ಲೇಟು ಬಿಳಿ ದೀಪದ ಬೆಳಕಿನಲ್ಲಿ 15 ಮೀಟರು ದೂರದಿಂದ ಓದುವಂತಿರಬೇಕು. ನಂಬರ್ ಪ್ಲೇಟಿಗೂ ಒಂದು ಬಲ್ಬು ಇದೆಯೆಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ.

ಯಾವ ಬಲ್ಬು ಎಲ್ಲಿ?

ಕಾರುಗಳ ಬ್ಯಾಟರಿ 12 ವೋಲ್ಟಿನದು. ಎಲ್‌ಇಡಿ ಬರುವ ಮೊದಲಿನ ಹಾಗೂ ಈಗಲೂ ಓಡುತ್ತಿರುವ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಐದು ಬಗೆಯ ಬಲ್ಬುಗಳಿರುತ್ತವೆ.

1. ಬ್ರೇಕ್ ಮತ್ತು ಹಿಂದಿನ ಪಾರ್ಕ್ ಲೈಟು. ಎರಡಕ್ಕೂ ಸೇರಿ ಒಂದೇ ಬಲ್ಬು, ಅಂಗಡಿಯಲ್ಲಿ ಇದಕ್ಕೆ ಡಬಲ್ ಕಾಂಟ್ಯಾಕ್ಟ್ ಬಲ್ಬು ಎನ್ನುತ್ತಾರೆ. ಬುಡದಲ್ಲಿ 12 ವೋಲ್ಟ್, 21/5 ವಾಟ್ ಎಂದು ಬರೆದಿರುತ್ತದೆ. ಒಳಗೆ ಎರಡು ಸಪೂರ ತಂತಿಗಳು, ಅಂದರೆ ಫಿಲಮೆಂಟುಗಳು. 5 ವಾಟಿನದು ರಾತ್ರಿ ಸದಾ ಉರಿಯುವ ಪಾರ್ಕ್ ಲೈಟು, 21 ವಾಟಿನದು ಬ್ರೇಕ್ ಒತ್ತಿದಾಗ ಉರಿಯುವುದು. ಒಂದರ ಶಕ್ತಿ ಇನ್ನೊಂದರ ನಾಲ್ಕು ಪಾಲಿಗಿಂತ ಹೆಚ್ಚಾದ್ದರಿಂದಲೇ ಹಿಂದಿನವರಿಗೆ ನಾವು ಬ್ರೇಕ್ ಹಾಕಿದ್ದು ತಿಳಿಯುತ್ತದೆ.

2. ಇಂಡಿಕೇಟರ್. ಒಂದೇ ಫಿಲಮೆಂಟಿನ 21 ವಾಟಿನ ಬಲ್ಬು, ಅಂದರೆ ಸಿಂಗಲ್ ಕಾಂಟ್ಯಾಕ್ಟ್. ಹೊರಗಿನ ಗಾಜು ಹಳದಿಯಾಗಿದ್ದರೆ ಬಿಳಿ ಬಲ್ಬು, ಗಾಜು ಬಿಳಿಯಾಗಿದ್ದರೆ ಹಳದಿ ಬಲ್ಬು. ಇವೆರಡರ ಬುಡದ ಮೊಳೆಗಳು ಬೇರೆ ಬೇರೆ ಕೋನದಲ್ಲಿರುತ್ತವೆ, ತಪ್ಪಿ ಹಾಕಬಾರದೆಂದೇ ಹಾಗೆ ಮಾಡಿದ್ದಾರೆ.

3. ಮುಂದಿನ ಪಾರ್ಕ್ ಲೈಟು ಮತ್ತು ನಂಬರ್ ಪ್ಲೇಟಿನ ದೀಪ. ಹಿತ್ತಾಳೆಯ ಬುಡವಿಲ್ಲದ, ಬರೇ ಗಾಜಿನ 5 ವಾಟಿನ ಬಲ್ಬು. ಕ್ಯಾಪ್‌ಲೆಸ್ ಬಲ್ಬು ಎಂದು ಕೇಳಬೇಕು. ನೇರ ಎಳೆದರೆ ಬರುತ್ತದೆ, ನೇರ ಒತ್ತಿದರೆ ಕೂರುತ್ತದೆ. ತಿರುಗಿಸಬಾರದು.

4. ಒಳಗಿನ ರೂಫ್ ಲೈಟು. ಎರಡು ತುದಿಯಲ್ಲೂ ಲೋಹದ ಟೊಪ್ಪಿಯಿರುವ ಉದ್ದನೆಯ ಬಲ್ಬು, 5 ಅಥವಾ 10 ವಾಟ್. ಇದರ ಉದ್ದ ಹಲವು ಬಗೆ, ಆದ್ದರಿಂದ ಹಳೆಯದನ್ನು ಕೊಂಡೊಯ್ದೇ ಹೊಸದನ್ನು ತರಬೇಕು.

5. ಹೆಡ್‌ಲೈಟು. ಹಲವು ಸಣ್ಣ ಕಾರುಗಳಲ್ಲಿ ಎಚ್4 ಎಂಬ ಹ್ಯಾಲೊಜೆನ್ ಬಲ್ಬು, 60/55 ವಾಟ್. 60 ಎಂದರೆ ಹೈಬೀಮ್, 55 ಎಂದರೆ ಡಿಮ್.

ನಮ್ಮ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಮಾತು ಮಲಯಾಳದಲ್ಲಿ ನಡೆದರೂ ಬಲ್ಬಿನ ಈ ಹೆಸರುಗಳು ಎಲ್ಲರಿಗೂ ಒಂದೇ. ಕಾರಿನ ಜತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆಯೆಂದು ಅಟ್ಟಕ್ಕೆ ಹಾಕಬೇಡಿ. ಅದರ ಕೊನೆಯ ಪುಟಗಳಲ್ಲಿ ಬಲ್ಬುಗಳ ಪಟ್ಟಿಯಿರುತ್ತದೆ, ಮಕ್ಕಳೋ ಮೊಮ್ಮಕ್ಕಳೋ ಓದಿ ಹೇಳಿಯಾರು.

ತಪಾಸಣೆ ಹೇಗೆ?

ವಾರಕ್ಕೊಮ್ಮೆ ಮುಸ್ಸಂಜೆ ಹೊತ್ತು ಮನೆಯವರೊಬ್ಬರನ್ನು ಕಾರಿನ ಹಿಂದೆ, ಸ್ವಲ್ಪ ಬದಿಗೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ಪಾರ್ಕ್ ಲೈಟು, ಬ್ರೇಕ್, ಎಡ ಇಂಡಿಕೇಟರ್, ಬಲ ಇಂಡಿಕೇಟರ್, ರಿವರ್ಸ್ ಲೈಟು ಎಂದು ಕೂಗಿ ಹೇಳುತ್ತಾ ಒಂದೊಂದನ್ನೇ ಹಾಕಿ. ಒಬ್ಬರೇ ಇರುವವರು ಸುಣ್ಣ ಬಳಿದ ಗೋಡೆಯ ಕಡೆಗೆ ಕಾರಿನ ಹಿಂಬದಿ ಬರುವಂತೆ ನಿಲ್ಲಿಸಿದರೆ ಎರಡು ಕೆಂಪು ಗುರುತು ಗೋಡೆಯ ಮೇಲೆ ಬೀಳುವುದು ಕನ್ನಡಿಯಲ್ಲಿ ಕಾಣುತ್ತದೆ. ಬ್ರೇಕ್ ಒತ್ತಿದಾಗ ಎರಡೂ ಒಂದೇ ರೀತಿ ಪ್ರಖರವಾಗಬೇಕು.

ಪಾರ್ಕ್ ಲೈಟು ಉರಿಯಿತೆಂದು ಬ್ರೇಕ್ ಲೈಟೂ ಸರಿಯಿದೆ ಎಂದುಕೊಳ್ಳಬಾರದು. ಗಾಜು ಒಂದೇ ಆದರೂ ಫಿಲಮೆಂಟು ಎರಡು. 21 ವಾಟಿನದು ಕಡಿದಿದ್ದರೆ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಕಾರು ನಿಲ್ಲುತ್ತಿದೆಯೆಂದು ಮಾತ್ರ ಹಿಂದಿನವರಿಗೆ ತಿಳಿಯುವುದಿಲ್ಲ. ಅಪಾಯ ಇದರಲ್ಲೇ ಹೆಚ್ಚು.

ಇಂಡಿಕೇಟರಿನ ವಿಷಯದಲ್ಲಿ ಕಾರೇ ನಮಗೆ ಸೂಚನೆ ಕೊಡುತ್ತದೆ. ಒಂದು ಬದಿಗೆ ಹಾಕಿದಾಗ ಟಿಕ್ ಟಿಕ್ ಸದ್ದು ಇದ್ದಕ್ಕಿದ್ದಂತೆ ವೇಗವಾದರೆ ಆ ಬದಿಯ ಒಂದು ಬಲ್ಬು ಹೋಗಿದೆಯೆಂದು ಅರ್ಥ. ಹರಿಯುವ ಕರೆಂಟು ಕಡಿಮೆಯಾದದ್ದನ್ನು ಅದು ಹಾಗೆ ತಿಳಿಸುತ್ತದೆ.

ಹೆಡ್‌ಲೈಟು ಒಂದೇ ಉರಿಯುತ್ತಿದ್ದರೆ ಎದುರಿನವರು ನಮ್ಮನ್ನು ಬೈಕ್ ಎಂದು ತಿಳಿಯುತ್ತಾರೆ. ಅಡಿಕೆ ತೋಟಗಳ ನಡುವಿನ ನಮ್ಮ ಸಪೂರ ರಸ್ತೆಗಳಲ್ಲಿ ಬೈಕಿಗೆ ಬಿಡುವಷ್ಟೇ ಜಾಗ ಬಿಟ್ಟು ಬಂದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಹಿಂದಿನ ದೀಪದ ಬಲ್ಬು ಬದಲಿಸುವ ಕ್ರಮ

1. ದೀಪಗಳನ್ನೆಲ್ಲ ಆರಿಸಿ ಕೀಲಿ ತೆಗೆಯಿರಿ. ಈಗಷ್ಟೇ ಉರಿದ ಬಲ್ಬು ಕೈ ಸುಡುತ್ತದೆ, ಹತ್ತು ನಿಮಿಷ ತಣಿಯಲಿ.

2. ಡಿಕ್ಕಿ ತೆರೆಯಿರಿ. ಕೆಲವು ಕಾರುಗಳಲ್ಲಿ ಒಳಗಿನ ಮುಚ್ಚಳ ತೆಗೆದರೆ ಹೋಲ್ಡರು ಕೈಗೆ ಸಿಗುತ್ತದೆ. ಕೆಲವದರಲ್ಲಿ ದೀಪದ ಬದಿಯ ಎರಡು ಸ್ಕ್ರೂ ಬಿಚ್ಚಿ ಇಡೀ ದೀಪವನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಓರೆಯಾಗಿ ಎಳೆದರೆ ಪ್ಲಾಸ್ಟಿಕ್ಕಿನ ಗೂಟ ಮುರಿಯುತ್ತದೆ. ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿ, ಅಂಗಳದ ಜಲ್ಲಿಯಲ್ಲಿ ಬಿದ್ದರೆ ಸಿಗುವುದಿಲ್ಲ.

3. ಹೋಲ್ಡರನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ ಹೊರತೆಗೆಯಿರಿ.

4. ಬಲ್ಬನ್ನು ಮೆಲ್ಲನೆ ಒಳಗೆ ಒತ್ತಿ, ಎಡಕ್ಕೆ ತಿರುಗಿಸಿ, ಬಿಡಿ. ಮನೆಯ ಹಳೆಯ ಪಿನ್ ಬಲ್ಬಿನಂತೆಯೇ ಬರುತ್ತದೆ. ಬಟ್ಟೆ ಸುತ್ತಿ ಹಿಡಿದರೆ ಗಾಜು ಒಡೆದರೂ ಕೈಗೆ ತಾಗದು.

5. ಹಳೆಯ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಫಿಲಮೆಂಟು ಕಡಿದಿದ್ದರೆ, ಗಾಜು ಕಪ್ಪಾಗಿದ್ದರೆ ಅದರ ಆಯುಷ್ಯ ಮುಗಿಯಿತು. ಗಾಜಿನೊಳಗೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ.

6. ಹೊಸ ಬಲ್ಬು ಕೂರಿಸುವಾಗ ಬುಡದ ಎರಡು ಮೊಳೆಗಳನ್ನು ಗಮನಿಸಿ. ಡಬಲ್ ಕಾಂಟ್ಯಾಕ್ಟ್ ಬಲ್ಬಿನಲ್ಲಿ ಒಂದು ಮೊಳೆ ಮೇಲೆ, ಒಂದು ಕೆಳಗೆ ಇರುತ್ತದೆ. ಒಂದೇ ರೀತಿಯಲ್ಲಿ ಮಾತ್ರ ಕೂರುತ್ತದೆ. ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ಪ್ರಯತ್ನಿಸಿ, ಬಲವಂತ ಬೇಡ.

7. ದೀಪವನ್ನು ಪುನಃ ಜೋಡಿಸುವ ಮೊದಲೇ ಉರಿಸಿ ನೋಡಿ. ಸರಿಯಿದ್ದರೆ ಸ್ಕ್ರೂ ಹಾಕಿ. ಹೆಚ್ಚು ಬಿಗಿದರೆ ಗಾಜಿನಂತಿರುವ ಪ್ಲಾಸ್ಟಿಕ್ ಸೀಳುತ್ತದೆ, ಆಮೇಲೆ ಮಳೆನೀರು ಒಳಗೆ ಬರುತ್ತದೆ.

ಕರಾವಳಿಯ ಕಾಯಿಲೆ: ಕಿಲುಬು

ನಮ್ಮ ಕಡೆ ಬಲ್ಬು ಸರಿಯಿದ್ದೂ ದೀಪ ಉರಿಯದಿರುವುದುಂಟು. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ, ಓಡದೆ ಶೆಡ್ಡಿನಲ್ಲಿ ನಿಂತ ಕಾರು – ಇವು ಮೂರೂ ಸೇರಿದರೆ ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಕರೆಂಟು ಹರಿಯುವುದಿಲ್ಲ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿಯುವುದು, ಪಾರ್ಕ್ ಲೈಟು ಮಿಣುಕುವುದು – ಇವು ಹೆಚ್ಚಾಗಿ ಅರ್ತಿಂಗ್ ಸರಿಯಿಲ್ಲದ ಲಕ್ಷಣ.

ಕೀಲಿ ತೆಗೆದ ಮೇಲೆ ಹೋಲ್ಡರಿನ ಒಳಭಾಗವನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಒಣ ಬಟ್ಟೆಯಿಂದ ಒರಸಿ. ಬಲ್ಬಿನ ಹಿತ್ತಾಳೆ ಬುಡಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನು ತೀರಾ ತೆಳ್ಳಗೆ ಸವರಿದರೆ ನೀರಿನ ಪಸೆ ತಾಗುವುದಿಲ್ಲ. ದೀಪದೊಳಗೆ ನೀರು ನಿಂತಿದ್ದರೆ ಅದರ ಹಿಂದಿನ ರಬ್ಬರಿನ ಅಂಚು ಹಾಳಾಗಿದೆಯೇ ಎಂದು ನೋಡಿ. ನೀರು ಬರುವ ದಾರಿ ಮುಚ್ಚದೆ ಬಲ್ಬು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ರೂಫ್ ಲೈಟು

ಇದರ ಮುಚ್ಚಳವನ್ನು ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯಿಂದ ಒಂದು ಬದಿಯಲ್ಲಿ ಎತ್ತಿದರೆ ಕಳಚಿ ಬರುತ್ತದೆ. ಅದಕ್ಕೆ ಮೊದಲು ಸ್ವಿಚ್ಚನ್ನು ಆಫ್ ಸ್ಥಾನಕ್ಕೆ ತನ್ನಿ. ಬಾಗಿಲು ತೆರೆದಾಗ ಉರಿಯುವ ಸ್ಥಾನದಲ್ಲಿದ್ದರೆ ಅಲ್ಲಿ ಕರೆಂಟು ಇರುತ್ತದೆ, ಸ್ಕ್ರೂಡ್ರೈವರ್ ಎರಡು ಕಡೆ ತಾಗಿದರೆ ಫ್ಯೂಸು ಹೋಗುತ್ತದೆ.

10 ವಾಟಿನ ರೂಫ್ ಲೈಟು ಗಂಟೆಗೆ ಸುಮಾರು 0.8 ಆಂಪಿಯರ್-ಅವರ್ ಬ್ಯಾಟರಿಯಿಂದ ಎಳೆಯುತ್ತದೆ. ಹನ್ನೆರಡು ಗಂಟೆ ಮರೆತು ಬಿಟ್ಟರೆ ಹತ್ತರಷ್ಟು ಹೋಯಿತು. 35 ಆಂಪಿಯರ್-ಅವರಿನ ಸಣ್ಣ ಬ್ಯಾಟರಿ ಹಳತಾಗಿದ್ದರೆ ಬೆಳಗ್ಗೆ ಇಂಜಿನ್ ಏಳದು. ಇಲ್ಲಿಗೆ ಎಲ್‌ಇಡಿ ಹಾಕಿಕೊಂಡರೆ ಉಳಿತಾಯವೇ. ಹಾಕಿದಾಗ ಉರಿಯದಿದ್ದರೆ ತಿರುಗಿಸಿ ಹಾಕಿ, ಎಲ್‌ಇಡಿಗೆ ಪ್ಲಸ್ ಮೈನಸ್ ಭೇದವಿದೆ.

ಹೆಡ್‌ಲೈಟಿನಲ್ಲಿ ಎಚ್ಚರ

ಬಾನೆಟ್ ತೆರೆದು, ಹಿಂದಿನ ಮೂರು ಪಿನ್ನಿನ ಕಪ್ಲರ್ ಎಳೆದು, ರಬ್ಬರ್ ಮುಚ್ಚಳ ತೆಗೆದು, ತಂತಿಯ ಕ್ಲಿಪ್ ಬಿಡಿಸಿದರೆ ಬಲ್ಬು ಬರುತ್ತದೆ. ಹೊಸ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಎಣ್ಣೆಪಸೆ ತಾಗಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಿಂದ ಒರಸಿ. ರಬ್ಬರ್ ಮುಚ್ಚಳವನ್ನು ಮರೆಯದೆ ಹಾಕಿ.

ಬೆಳಕು ಸಾಲದೆಂದು 100/90 ವಾಟಿನ ಬಲ್ಬು ಹಾಕುವವರಿದ್ದಾರೆ. ಕಾರಿನ ವಯರು 60/55 ವಾಟಿಗೆ ತಕ್ಕಂತೆ ಇರುವುದು, ಹೋಲ್ಡರು ಕರಗುತ್ತದೆ. ಹ್ಯಾಲೊಜೆನ್ ದೀಪದ ಚಿಪ್ಪಿಗೆ ಎಲ್‌ಇಡಿ ಬಲ್ಬು ತುರುಕುವುದೂ ಸಲ್ಲದು. ಆ ಚಿಪ್ಪು ಫಿಲಮೆಂಟು ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೇರೆಯದನ್ನು ಹಾಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಣ್ಣಿನ ಪೊರೆ ಬೆಳೆಯುತ್ತಿರುವ ನಮ್ಮಂಥ ವಯಸ್ಸಿನವರಿಗೆ ಅದು ಎಷ್ಟು ಕಷ್ಟವೆಂದು ನಮಗೇ ಗೊತ್ತು.

ಯಾವಾಗ ಮೆಕ್ಯಾನಿಕ್ಕಿನ ಬಳಿಗೆ ಹೋಗಬೇಕು?

ಎರಡೂ ಬದಿಯ ದೀಪ ಒಟ್ಟಿಗೆ ಹೋದರೆ ಬಲ್ಬಿಗಿಂತ ಮೊದಲು ಫ್ಯೂಸು ನೋಡಿ. ಕೆಂಪು ಫ್ಯೂಸು 10 ಆಂಪಿಯರ್, ನೀಲಿ 15, ಹಳದಿ 20. ಕೆಂಪು ಇದ್ದಲ್ಲಿಗೆ ಕೆಂಪೇ ಬರಬೇಕು. ಹೊಸ ಫ್ಯೂಸೂ ಹಾರಿಹೋದರೆ ವಯರಿನಲ್ಲಿ ದೋಷವಿದೆ, ಅಲ್ಲಿಗೆ ನಮ್ಮ ಕೆಲಸ ನಿಲ್ಲಿಸಬೇಕು. ಫ್ಯೂಸು ಸರಿಯಿದ್ದೂ ಬ್ರೇಕ್ ಲೈಟುಗಳು ಯಾವುದೂ ಉರಿಯದಿದ್ದರೆ ಪೆಡಲಿನ ಬಳಿಯ ಸ್ವಿಚ್ಚು ಹಾಳಾಗಿರಬಹುದು. ಕಾರ್ಖಾನೆಯಿಂದಲೇ ಎಲ್‌ಇಡಿ ಬಂದ ಕಾರುಗಳಲ್ಲಿ ಬಿಡಿ ಬಲ್ಬು ಇರುವುದಿಲ್ಲ, ಬಿಚ್ಚಲು ಹೋಗಬೇಡಿ. ಎಚ್‌ಐಡಿ ಹೆಡ್‌ಲೈಟನ್ನು ಮುಟ್ಟಲೇಬೇಡಿ, ಹೊತ್ತುವಾಗ ಅದರಲ್ಲಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ.

ಒಂದು ಡಬ್ಬಿ, ಒಂದು ಚೀಟಿ

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಡಬಲ್ ಕಾಂಟ್ಯಾಕ್ಟ್ ಬಲ್ಬು ಎರಡು, ಇಂಡಿಕೇಟರಿನದು ಒಂದು, ಕ್ಯಾಪ್‌ಲೆಸ್ ಎರಡು, ಬಣ್ಣಕ್ಕೊಂದರಂತೆ ಫ್ಯೂಸು, ಒಂದು ಸ್ಕ್ರೂಡ್ರೈವರ್, ಹತ್ತಿಯಲ್ಲಿ ಸುತ್ತಿದರೆ ಸಾಕು. ಜತೆಗೆ ನಿಮ್ಮ ಕಾರಿನ ಯಾವ ದೀಪಕ್ಕೆ ಯಾವ ಬಲ್ಬು, ಯಾವ ದಿನ ಬದಲಿಸಿದ್ದು ಎಂದು ಕನ್ನಡದಲ್ಲೇ ಬರೆದ ಒಂದು ಚೀಟಿ. ಗುಮಾಸ್ತಿಕೆ ಮಾಡಿದವರ ಅಭ್ಯಾಸ ಎಂದು ನಗಬೇಡಿ. ನಡುರಾತ್ರಿ ನಿಮ್ಮ ಕಾರನ್ನು ಪಕ್ಕದ ಮನೆಯ ಹುಡುಗ ಓಡಿಸಬೇಕಾಗಿ ಬಂದಾಗ ಆ ಚೀಟಿ ಅವನ ಕೈಗೆ ಸಿಗಲಿ.

ಇನ್ನೊಂದು ಮಾತು. ದಾರಿಯಲ್ಲಿ ಮುಂದಿನ ಕಾರಿನ ದೀಪ ಉರಿಯದಿದ್ದರೆ ಸಿಗ್ನಲಿನಲ್ಲೋ ಪೆಟ್ರೋಲು ಬಂಕಿನಲ್ಲೋ ಸಿಕ್ಕಿದಾಗ ಮೆಲ್ಲನೆ ಹೇಳಿಬಿಡಿ, ಯಾವ ಭಾಷೆಯಲ್ಲಾದರೂ ಸರಿ. ಅವರಿಗೆ ಅದು ಕಾಣುವುದಿಲ್ಲ, ನಮಗೆ ಕಾಣುತ್ತದೆ.

– ಕಾರ್ಯದರ್ಶಿ