ಬಿಳಿ ಗೋಡೆಯ ಮನೆಗೆ ಅವ್ವನ ಕೌದಿ

ಸ್ಟಾಕ್‌ಹೋಮ್‌ಗೆ ಬಂದ ಹೊಸದರಲ್ಲಿ ನಮ್ಮ ಬಾಡಿಗೆ ಮನೆ ನೋಡಿ ನಾನೇ ಬೀಗಿದ್ದೆ. ಬಿಳಿ ಗೋಡೆ, ಬೂದು ಸೋಫಾ, ಬೂದು ರಗ್ಗು, ತಿಳಿ ಬಣ್ಣದ ಮರದ ಟೇಬಲ್ಲು. ಇನ್‌ಸ್ಟಾಗ್ರಾಂನಲ್ಲಿ 'ಸ್ಕ್ಯಾಂಡಿನೇವಿಯನ್ ಸ್ಟೈಲ್' ಅಂತ ಹುಡುಕಿದರೆ ಬರುತ್ತಲ್ಲ, ಥೇಟ್ ಹಾಗೆ. ಕೋಡ್ ಬರೆಯುವವನ ತಲೆಗೆ ಇದು ಹಿಡಿಸಿತ್ತು. ಬೇಡದ್ದು ಏನೂ ಇಲ್ಲ, ಎಲ್ಲಾ ಕ್ಲೀನ್.

ಆಮೇಲೆ ಚಳಿಗಾಲ ಬಂತು. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಅಂದರೆ ಸುಮಾರು ಆರು ತಾಸು. ಮಧ್ಯಾಹ್ನ ಮೂರಕ್ಕೇ ಕತ್ತಲು. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಹೊರಗೂ ಬೂದು, ಒಳಗೂ ಬೂದು. ಒಂದು ಸಂಜೆ ಹೆಂಡತಿ ಕೇಳಿದಳು, "ಈ ಮನೇಲಿ ನಾವಿಬ್ಬರು ಇದ್ದೀವಿ ಅನ್ನೋದಕ್ಕೆ ಒಂದಾದ್ರೂ ಗುರುತು ಇದೆಯಾ?"

ನಿಜ ಹೇಳಬೇಕೆಂದರೆ ಒಂದು ಗುರುತು ಇತ್ತು. ಅದು ಬೀರುವಿನ ತಳದಲ್ಲಿ, ಗಾಳಿ ತೆಗೆದು ಸೀಲ್ ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಅವನ ಅಂಗಿ, ಧೋತರ, ತನ್ನ ಹಳೇ ಸೀರೆ ಎಲ್ಲಾ ಕತ್ತರಿಸಿ ಅವ್ವ ಹೊಲಿದ ಕೌದಿ ಅದು. ಕೆಂಪು, ಹಸಿರು, ಅರಿಶಿಣ, ಚೌಕಡಿ, ಗೆರೆ ಎಲ್ಲಾ ಒಂದರ ಪಕ್ಕ ಒಂದು. ಬೂದು ಸೋಫಾ ಮೇಲೆ ಹಾಸಿದರೆ ಆಫೀಸಿನವರು ಕಾಫಿಗೆ ಬಂದಾಗ ಏನಂದುಕೊಂಡಾರೋ ಅಂತ ನಾನೇ ಒಳಗಿಟ್ಟಿದ್ದೆ.

ಸ್ವೀಡನ್ ಅಂದರೆ ಬೂದು ಬಣ್ಣ ಅಲ್ಲ

ಜನವರಿಯ ಒಂದು ಶನಿವಾರ ಹೆಂಡತಿ ನನ್ನನ್ನು ಸ್ಟ್ರಾಂಡ್‌ವೇಗನ್ ರಸ್ತೆಯ 'ಸ್ವೆನ್ಸ್ಕ್ಟ್ ಟೆನ್' ಅಂಗಡಿಗೆ ಎಳಕೊಂಡು ಹೋದಳು. ಒಳಗೆ ಕಾಲಿಟ್ಟರೆ ಹೂವು, ಹಕ್ಕಿ, ಚಿಟ್ಟೆ, ಆನೆ! ಒಂದು ಬಟ್ಟೆಯಲ್ಲಿ ಒಂದೇ ಮರಕ್ಕೆ ತರಹೇವಾರಿ ಹಣ್ಣು, ತರಕಾರಿ. 'ವೆಜಿಟೆಬಲ್ ಟ್ರೀ' ಅಂತ ಅದರ ಹೆಸರು. ಇನ್ನೊಂದರಲ್ಲಿ ಮ್ಯಾನ್‌ಹಟನ್ನಿನ ನಕ್ಷೆ. ನಾನು ಅಂದುಕೊಂಡಿದ್ದ ಸ್ವೀಡನ್ನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮನೆಗೆ ಬಂದು ಓದುತ್ತಾ ಕೂತೆ. ಈ ಅಂಗಡಿಯನ್ನು 1924ರಲ್ಲಿ ಶುರು ಮಾಡಿದ್ದು ಎಸ್ಟ್ರಿಡ್ ಎರಿಕ್ಸನ್ ಎಂಬ ಡ್ರಾಯಿಂಗ್ ಟೀಚರ್. ಮೊದಲು ತವರದ ಮಿಶ್ರಲೋಹದ ಸಾಮಾನು ಮಾಡುತ್ತಿದ್ದರು. ಹೆಸರು ಬಂದದ್ದೂ ಅದರಿಂದಲೇ. ನಾನು ಕಂಡ ಆನೆಯ ಚಿತ್ತಾರ ಅವರದೇ. ಆದರೆ ಆ ಹೂವು, ಹಣ್ಣು, ನಕ್ಷೆ ಬರೆದ ಯೋಸೆಫ್ ಫ್ರಾಂಕ್ ಸ್ವೀಡನ್ನಿನಲ್ಲಿ ಹುಟ್ಟಿದವರಲ್ಲ. 1885ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿದ ಯಹೂದಿ, ವಿಯೆನ್ನಾದಲ್ಲಿ ಹೆಸರು ಮಾಡಿದ ವಾಸ್ತುಶಿಲ್ಪಿ. ಯಹೂದಿ ದ್ವೇಷ ಏರುತ್ತಿದ್ದ ಹೊತ್ತಲ್ಲಿ, 1933ರಲ್ಲಿ, ಹೆಂಡತಿಯ ಊರಾದ ಸ್ವೀಡನ್ನಿಗೆ ಬಂದರು. ಮರುವರ್ಷ ಎಸ್ಟ್ರಿಡ್ ಜೊತೆ ಕೆಲಸ ಶುರು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ನ್ಯೂಯಾರ್ಕಿಗೆ. 1944ರಲ್ಲಿ ಎಸ್ಟ್ರಿಡ್‌ಗೆ ಐವತ್ತು ತುಂಬಿದಾಗ, ಅಲ್ಲಿಂದಲೇ 50 ಹೊಸ ವಿನ್ಯಾಸ ಬರೆದು ಉಡುಗೊರೆ ಕಳಿಸಿದರಂತೆ. ಯುದ್ಧದ ನಡುವೆ, ಎರಡೆರಡು ಸಲ ಮನೆ ಬಿಟ್ಟವನ ಕೈಯಲ್ಲಿ ಅರಳಿದ ಹೂಗಳು ಅವು.

ಫ್ರಾಂಕ್ ಹೇಳಿದ್ದರಲ್ಲಿ ಎರಡು ಮಾತು ನನಗೆ ನಾಟಿದವು. ಒಂದು, ಖಾಲಿ ಬಣ್ಣಕ್ಕಿಂತ ಚಿತ್ತಾರವಿರುವ ಬಟ್ಟೆಯೇ ಮನಸ್ಸಿಗೆ ಹೆಚ್ಚು ಶಾಂತಿ ಕೊಡುತ್ತದೆ. ಖಾಲಿ ಬಣ್ಣವನ್ನು ಕಣ್ಣು ಒಂದೇ ಕ್ಷಣದಲ್ಲಿ ನೋಡಿ ಮುಗಿಸುತ್ತದೆ, ಆಮೇಲೆ ಅಲ್ಲಿ ಕೆಲಸವಿಲ್ಲ. ಚಿತ್ತಾರದಲ್ಲಾದರೆ ನಿಧಾನವಾಗಿ ಓಡಾಡಿಕೊಂಡಿರುತ್ತದೆ. ಎರಡು, ಮನೆಯ ವಸ್ತುಗಳು ಒಂದಕ್ಕೊಂದು ಮ್ಯಾಚ್ ಆಗಬೇಕಿಲ್ಲ. ನಾವು ಪ್ರೀತಿಯಿಂದ ತಂದ ವಸ್ತುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. 1958ರಲ್ಲಿ ಇದಕ್ಕೆ 'ಆಕ್ಸಿಡೆಂಟಿಸಂ' ಅಂತ ಹೆಸರನ್ನೂ ಇಟ್ಟರು. ಮನೆ ಅನ್ನೋದು ಯೋಜನೆ ಹಾಕಿ ಕೂರಿಸಿದ ಹಾಗಿರದೆ, ತಾನಾಗಿ ಕೂಡಿಬಂದ ಹಾಗಿರಬೇಕು ಅಂತ ಅದರ ಸಾರ.

ಅಲ್ಲಿನ ಬಟ್ಟೆ ಅಗ್ಗವೇನಲ್ಲ. ಒಂದು ದಿಂಬಿಗೆ ಆಗುವಷ್ಟು 'ವೆಜಿಟೆಬಲ್ ಟ್ರೀ' ತಂದು ಸೋಫಾ ಮೇಲಿಟ್ಟೆವು. ಮನೆ ಅಷ್ಟಕ್ಕೇ ಸ್ವಲ್ಪ ಉಸಿರಾಡಿದ ಹಾಗಾಯ್ತು. ಕೌದಿ ಮಾತ್ರ ಬೀರುವಿನಲ್ಲೇ ಉಳೀತು.

ಅವ್ವ ಬಂದಳು

ಮೇ ತಿಂಗಳಲ್ಲಿ ಧಾರವಾಡದಿಂದ ಅವ್ವ ಬಂದಳು, 90 ದಿನದ ವೀಸಾ ಮೇಲೆ. ಒಳಗೆ ಬಂದವಳೇ ಸುತ್ತ ನೋಡಿ, "ಇದೇನೋ ತಮ್ಮಾ, ದವಾಖಾನಿ ಇದ್ಧಂಗ ಅದಲ್ಲೋ ಮನಿ!" ಅಂದಳು. ದಿಂಬಿನ ಹತ್ತಿರ ಮಾತ್ರ ಹೋಗಿ, ಮರದ ಮೇಲಿನ ಹಣ್ಣು ಒಂದೊಂದೇ ಮುಟ್ಟಿ ನೋಡಿದಳು.

ಮೂರನೇ ದಿನ ಹೊದಿಕೆ ಹುಡುಕುವಾಗ ಆ ಚೀಲ ಅವಳ ಕೈಗೆ ಸಿಕ್ತು. "ಇದನ್ನ ಯಾಕೋ ಜೇಲಿಗೆ ಹಾಕೀದಿ?" ಅಂತ ಅಷ್ಟೇ ಕೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸೀಲ್ ತೆಗೆದಳು, ಕೌದಿ ಉಸಿರು ತುಂಬಿಕೊಂಡು ಉಬ್ಬಿತು. ಸೋಫಾ ಮೇಲೆ ಹಾಸಿ, ದಿಂಬನ್ನು ಅದರ ಮೇಲಿಟ್ಟಳು. ಮರದ ಹಸಿರಿಗೂ ಅಪ್ಪನ ಚೌಕಡಿ ಅಂಗಿಯ ಹಸಿರಿಗೂ ಮೊದಲೇ ಪರಿಚಯ ಇದ್ದಂತಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಕಾಫಿ ಮಾಡೋ ನೆಪದಲ್ಲಿ ಅಡುಗೆಮನೆಗೆ ಹೋದೆ.

ನೀವೂ ಮಾಡಬಹುದು

ಈ ಒಂದು ವರ್ಷದಲ್ಲಿ ನಾವು ಕಲಿತದ್ದು ಇಷ್ಟು:

• ಬಾಡಿಗೆ ಮನೆಯ ಬಿಳಿ ಗೋಡೆ ಅಂತ ಬೇಜಾರಾಗಬೇಡಿ. ಫ್ರಾಂಕ್ ಕೂಡ ಗೋಡೆ ಬಿಳಿಯೇ ಇರಲಿ ಎನ್ನುತ್ತಿದ್ದರು. ಬಣ್ಣ ಬಟ್ಟೆಯಲ್ಲಿ ಬರಲಿ, ಮನೆ ಬದಲಿಸಿದಾಗ ಅದೂ ನಿಮ್ಮ ಜೊತೆ ಬರುತ್ತೆ.

• ಒಂದು ದಿಂಬಿನಿಂದ ಶುರು ಮಾಡಿ. 50 ಸೆಂ.ಮೀ. ಚೌಕದ ದಿಂಬಿಗೆ ದೊಡ್ಡ ಪನ್ನದ ಬಟ್ಟೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಸಾಕು. ಒಗೆಯುವ ಬಟ್ಟೆಯಾದರೆ ಹೊಲಿಸುವ ಮುಂಚೆ ಒಮ್ಮೆ ಒಗೆಯಿರಿ. ಹತ್ತಿ, ಲಿನನ್ ಎರಡೂ ಕುಗ್ಗುತ್ತವೆ.

• ಒಂದು ದೊಡ್ಡ ಚಿತ್ತಾರ, ಒಂದು ಸಣ್ಣದು, ಒಂದು ಗೆರೆ ಅಥವಾ ಚೌಕಡಿ. ಮೂರರಲ್ಲೂ ಒಂದು ಬಣ್ಣ ಸಮಾನವಾಗಿದ್ದರೆ ಜಗಳ ಇರಲ್ಲ.

• ಕಿಟಕಿಗೆ ಚಿತ್ತಾರದ ಪರದೆ ಹಾಕುವುದಾದರೆ ಹಿಂದೆ ಲೈನಿಂಗ್ ಕೊಡಿಸಿ. ನಮ್ಮೂರಿನ ಬಿಸಿಲಿಗೆ ಬಣ್ಣ ಬೇಗ ಹೋಗುತ್ತೆ.

• ದುಬಾರಿ ಬಟ್ಟೆಯೇ ಬೇಕಂತಿಲ್ಲ. ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಸೆರಗು, ಅಜ್ಜಿಯ ಕೌದಿ ಯಾವುದಾದರೂ ನಡೆಯುತ್ತೆ.

ಆಗಸ್ಟ್‌ನಲ್ಲಿ ಅವ್ವ ವಾಪಸ್ ಹೋದಳು. ಹೋಗುವ ಮುಂಚೆ ದಿಂಬಿಗೆ ಹೊಲಿದು ಉಳಿದಿದ್ದ ಸ್ವೀಡಿಷ್ ಬಟ್ಟೆಯ ಚೂರನ್ನು ಕೌದಿಯ ಹರಿದ ಮೂಲೆಗೆ ತೇಪೆ ಹಚ್ಚಿ ಹೋಗಿದ್ದಾಳೆ. ಕಳೆದ ವಾರ ಆಫೀಸಿನ ಗೆಳೆಯರು ಮನೆಗೆ ಬಂದಿದ್ದರು. ಎಲ್ಲಿ ಕೊಂಡಿರಿ ಅಂತ ಮೊದಲು ಕೇಳಿದ್ದೇ ಕೌದಿ ಬಗ್ಗೆ. ಕೊಂಡಿದ್ದಲ್ಲ, ನಮ್ಮವ್ವ ಹೊಲಿದದ್ದು ಅಂದೆ. ಒಂದು ಚೌಕಡಿ ತೇಪೆ ತೋರಿಸಿ, ಇದು ನಮ್ಮಪ್ಪನ ಅಂಗಿ ಅಂತಲೂ ಹೇಳಿದೆ.