ಅಲ್ಪಮೌಲ್ಯದ ನೋಟು ಮತ್ತು ನಾಣ್ಯ: ಒಂದು ರೂಪಾಯಿಯ ಇತಿಹಾಸದಿಂದ ಕೆಲವು ವಿಚಾರಗಳು

ಅಲ್ಪಮೌಲ್ಯದ ಹಣವು ಕಾಗದದ್ದಾಗಿರಬೇಕೆ, ಲೋಹದ್ದಾಗಿರಬೇಕೆ ಎಂಬುದನ್ನು ಸಾಮಾನ್ಯವಾಗಿ ಕೇವಲ ಖರ್ಚುವೆಚ್ಚದ ಪ್ರಶ್ನೆಯೆಂದು ಭಾವಿಸುವುದುಂಟು. ನೋಟು ಬೇಗನೆ ಸವೆದು ಹರಿಯುವುದು, ನಾಣ್ಯವಾದರೋ ದಶಕಗಳ ಕಾಲ ಬಾಳುವುದು. ಆದುದರಿಂದ ನಾಣ್ಯವೇ ಮೇಲು ಎಂದು ವಾದವು ಅಲ್ಲಿಗೇ ಮುಗಿಯುತ್ತದೆ. ವಾದವು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಒಂದು ರೂಪಾಯಿಯ ನೋಟು ಹುಟ್ಟಿದ್ದು, ಅಳಿದದ್ದು, ಮತ್ತೆ ಹುಟ್ಟಿದ್ದು ಇವುಗಳ ವೃತ್ತಾಂತವನ್ನು ನೋಡಿದರೆ, ಈ ಲೆಕ್ಕದಲ್ಲಿ ಸೇರದ ಸಂಗತಿಗಳು ಹಲವಿರುವುದು ಕಂಡುಬರುತ್ತದೆ.

1835ರ ಶಾಸನದಂತೆ ಕಂಪನಿ ಸರ್ಕಾರದ ರೂಪಾಯಿಯು 180 ಗ್ರೈನ್ ತೂಕದ್ದಾಗಿದ್ದಿತು. ಅದರಲ್ಲಿ 165 ಗ್ರೈನ್ ಶುದ್ಧ ಬೆಳ್ಳಿ. 1893ರಲ್ಲಿ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿದ ಮೇಲೆ ಈ ರೂಪಾಯಿಯ ಮುಖಬೆಲೆ ಲೋಹಬೆಲೆಗಿಂತ ಹೆಚ್ಚಾಗಿ ನಿಂತಿತು. ವಿನಿಮಯದಲ್ಲಿ ರೂಪಾಯಿಗೆ 16 ಪೆನ್ಸ್ ಎಂದು ದರವಿದ್ದುದರಿಂದ, ಲಂಡನ್ನಿನ ಪೇಟೆಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 43 ಪೆನ್ಸನ್ನು ಮುಟ್ಟುವವರೆಗೂ ಈ ವ್ಯವಸ್ಥೆಗೆ ಭಯವಿರಲಿಲ್ಲ. 1915ರಲ್ಲಿ ಬೆಲೆ ಸುಮಾರು 27 ಪೆನ್ಸ್ ಇದ್ದಿತು. ಮೊದಲನೆಯ ಮಹಾಯುದ್ಧದ ಒತ್ತಡದಲ್ಲಿ 1917ರ ಆಗಸ್ಟಿನ ಹೊತ್ತಿಗೆ ಅದು 43ನ್ನು ದಾಟಿತು. ರೂಪಾಯಿಯನ್ನು ಖರ್ಚುಮಾಡುವುದಕ್ಕಿಂತ ಕರಗಿಸುವುದೇ ಲಾಭವೆಂಬ ಸ್ಥಿತಿ ಅದು. ಇತ್ತ ಸರ್ಕಾರವಾದರೋ ಸೈನಿಕರಿಗೆ ಸಂಬಳವನ್ನೂ, ಯುದ್ಧಸಾಮಗ್ರಿ ಪೂರೈಸಿದವರಿಗೆ ಹಣವನ್ನೂ ಕೊಡಬೇಕಾಗಿದ್ದಿತು. ಜನರು ತಂದೊಪ್ಪಿಸಿದ ನೋಟುಗಳಿಗೆ ಬೆಳ್ಳಿಯ ರೂಪಾಯಿಗಳನ್ನು ಎಣಿಸಿಕೊಡುವ ಹೊಣೆಯೂ ಅದರದೇ.

ಈ ಇಕ್ಕಟ್ಟಿನಲ್ಲಿಯೇ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಬಂದಿತು. ಅದರ ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ನೋಟು ಬಂದಿತು. ಇಂದಿನವರಿಗೆ ಅದೊಂದು ವಿನೋದವಾಗಿ ತೋರಬಹುದು. ಒಂದು ರೂಪಾಯಿಯ ನೋಟಿನ ಮೇಲೆ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚುಹಾಕಿದ್ದರು. ಕೈಯಲ್ಲಿ ಬೆಳ್ಳಿಯಿಲ್ಲದವನು ಬೆಳ್ಳಿಯ ಚಿತ್ರವನ್ನು ಕೊಟ್ಟಂತಾಯಿತು. ಹಳ್ಳಿಯ ಪೇಟೆಗಳಲ್ಲಿ ಜನರು ಇದನ್ನು ಶಂಕೆಯಿಂದಲೇ ನೋಡಿದರು. ಯುದ್ಧದ ಕೊನೆಯ ದಿನಗಳಲ್ಲಿ ನೋಟುಗಳಿಗೆ ವಟ್ಟ ಹಿಡಿದು ಚಿಲ್ಲರೆ ಕೊಡುವ ಪದ್ಧತಿ ಹಲವೆಡೆ ನಡೆಯಿತು. ವಟ್ಟದ ಭಾರ ಬಿದ್ದುದು ಸಾಹುಕಾರನ ಮೇಲಲ್ಲ, ಒಂದೇ ನೋಟನ್ನು ಮುರಿಸಬೇಕಾಗಿದ್ದ ಕೂಲಿಗಾರನ ಮೇಲೆ. 1918ರಲ್ಲಿ ಬೆಳ್ಳಿಯ ದಾಸ್ತಾನು ಅಪಾಯದ ಮಟ್ಟಕ್ಕೆ ಇಳಿದಾಗ ಅಮೆರಿಕದ ಸರ್ಕಾರವು ಪಿಟ್‌ಮನ್ ಕಾಯಿದೆಯ ಮೂಲಕ ಸುಮಾರು 20 ಕೋಟಿ ಔನ್ಸು ಬೆಳ್ಳಿಯನ್ನು ಭಾರತಕ್ಕಾಗಿ ಬಿಟ್ಟುಕೊಟ್ಟಿತು. ನಾಣ್ಯವ್ಯವಸ್ಥೆಯು ಆಗ ಉಳಿದದ್ದು ಈ ಬೆಳ್ಳಿಯಿಂದ.

ಯುದ್ಧ ಮುಗಿದು ಬೆಳ್ಳಿಯ ಬೆಲೆ ಇಳಿದ ಮೇಲೆ, ಸಣ್ಣ ನೋಟಿನ ವೆಚ್ಚವು ಅದರ ಪ್ರಯೋಜನಕ್ಕೆ ಸಲ್ಲದೆಂದು 1926ರ ಜನವರಿ 1ರಿಂದ ಅದನ್ನು ನಿಲ್ಲಿಸಿದರು. ಅದೇ ವರ್ಷ ಹಿಲ್ಟನ್ ಯಂಗ್ ಆಯೋಗವು ಒಂದು ರೂಪಾಯಿಯ ನೋಟನ್ನು ಮತ್ತೆ ಹೊರಡಿಸಬೇಕೆಂದು ಸಲಹೆ ಮಾಡಿತು! ಆ ಸಲಹೆ ಒಡನೆಯೇ ಕಾರ್ಯಗತವಾಗಲಿಲ್ಲ. ಎರಡನೆಯ ಮಹಾಯುದ್ಧ ಬಂದು, 1940ರಲ್ಲಿ ಜನರು ನಾಣ್ಯಗಳನ್ನು ಕೂಡಿಡತೊಡಗಿದಾಗ, ಆ ವರ್ಷದ ಆಗಸ್ಟಿನಲ್ಲಿ ನೋಟು ಮರಳಿತು. ಈ ಸಲ ಸುಗ್ರೀವಾಜ್ಞೆಯ ಮೂಲಕ ಅದಕ್ಕೆ ರೂಪಾಯಿ ನಾಣ್ಯದ ಸ್ಥಾನವನ್ನೇ ಕೊಡಲಾಯಿತು. ಆ ಕಲ್ಪನೆ ಇಂದಿಗೂ ಮುಂದುವರಿದಿದೆ: 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿಯ ನೋಟು ಕಾಗದದ್ದಾದರೂ 'ನಾಣ್ಯ'ವೇ, ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕಲ್ಲ, ಭಾರತ ಸರ್ಕಾರ, ರುಜು ಹಣಕಾಸು ಕಾರ್ಯದರ್ಶಿಯದು. ನಾಣ್ಯವೆಂದರೆ ಲೋಹವೆಂದು ನಂಬಿರುವ ವಿದ್ಯಾರ್ಥಿಗಳು ಈ ವ್ಯಾಖ್ಯೆಯನ್ನು ಗಮನಿಸತಕ್ಕದ್ದು.

ಅಂದರೆ ಮೊದಲ ಎರಡು ಸಲವೂ ಸಣ್ಣ ನೋಟನ್ನು ತಂದದ್ದು ಜನರ ಅನುಕೂಲವಲ್ಲ, ಯುದ್ಧಕಾಲದ ಲೋಹದ ಅಭಾವ. ತೊಂಬತ್ತರ ದಶಕದಲ್ಲಿ ಕಾರಣ ತಿರುಗುಮುರುಗಾಯಿತು. ವೆಚ್ಚದ ಹೊರೆ ಹೆಚ್ಚಿದುದರಿಂದಲೂ, ಮುದ್ರಣಾಲಯಗಳನ್ನು ದೊಡ್ಡ ನೋಟುಗಳಿಗಾಗಿ ಬಿಡುವು ಮಾಡಿಕೊಳ್ಳಬೇಕಾದುದರಿಂದಲೂ 1994ರ ನವೆಂಬರಿನಲ್ಲಿ ಒಂದು ರೂಪಾಯಿ, 1995ರ ಫೆಬ್ರವರಿಯಲ್ಲಿ ಎರಡು, ನವೆಂಬರಿನಲ್ಲಿ ಐದು ರೂಪಾಯಿಗಳ ನೋಟುಗಳ ಮುದ್ರಣವನ್ನು ನಿಲ್ಲಿಸಿದರು. 1996ರಲ್ಲಿ ನಮ್ಮ ಮೈಸೂರಿನಲ್ಲಿ ಹೊಸ ನೋಟು ಮುದ್ರಣಾಲಯ ಕೆಲಸ ಆರಂಭಿಸಿದುದನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ನಿಲ್ಲಿಸಿದ ಒಂದು ರೂಪಾಯಿಯ ನೋಟು 2015ರಲ್ಲಿ ಪುನಃ ಹೊರಬಂದಿತು. ಇದಕ್ಕೆ ಯುದ್ಧದ ಕಾರಣವೂ ಇಲ್ಲ, ಉಳಿತಾಯದ ಕಾರಣವೂ ಇಲ್ಲ. ಮುಯ್ಯಿಯ ಲಕೋಟೆಗಳಲ್ಲಿ ಅದು ಶೋಭಿಸುವುದೇನೋ ನಿಜ.

ಲೋಹದ ಹಳೆಯ ಕಾಟವೂ ತಪ್ಪಲಿಲ್ಲ. 1992ರಲ್ಲಿ ಬಂದ ಐದು ರೂಪಾಯಿಯ ತಾಮ್ರ-ನಿಕ್ಕಲ್ ನಾಣ್ಯವು 9 ಗ್ರಾಂ ತೂಗುತ್ತಿದ್ದಿತು. ಅದನ್ನು ಗಡಿಯಾಚೆಗೆ ಸಾಗಿಸಿ ಕರಗಿಸುವರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. 2007ರಲ್ಲಿ 6 ಗ್ರಾಂ ತೂಕದ ಉಕ್ಕಿನ ನಾಣ್ಯ ಹೊರಟಿತು. 1917ರ ಪಾಠವನ್ನು ಟಂಕಸಾಲೆಯವರು ಇಲ್ಲಿ ಸರಿಯಾಗಿ ಕಲಿತಿದ್ದರೆನ್ನಬಹುದು. ಕಲಿಯದೆ ಉಳಿದದ್ದು ಇನ್ನೊಂದು: ಗಾತ್ರದ ವಿಚಾರ. 1979ರಲ್ಲಿ ಅಮೆರಿಕವು ಹೊರಡಿಸಿದ ಸೂಸನ್ ಆಂಥನಿ ಡಾಲರು ಕಾಲು ಡಾಲರಿನಂತೆಯೇ ಕಾಣುತ್ತಿದ್ದುದರಿಂದ ಜನರು ಅದನ್ನು ಮುಟ್ಟಲಿಲ್ಲ. ಕಾಗದದ ಡಾಲರನ್ನು ಹಿಂತೆಗೆಯದಿದ್ದುದೂ ಆ ಸೋಲಿಗೆ ಕಾರಣ. ಬ್ರಿಟನ್ 1983ರಲ್ಲಿ ಪೌಂಡು ನಾಣ್ಯವನ್ನು ತಂದು 1988ರಲ್ಲಿ ನೋಟನ್ನು ಹಿಂತೆಗೆದುಕೊಂಡಿತು. ಕೆನಡಾ 1987ರ ನಾಣ್ಯದ ಬಳಿಕ 1989ರಲ್ಲಿ ಹಾಗೆಯೇ ಮಾಡಿತು. ಎರಡೂ ಕಡೆ ನಾಣ್ಯ ನಿಂತಿತು. ನಮ್ಮಲ್ಲಿಯೂ ಒಂದು, ಎರಡು ರೂಪಾಯಿಗಳ ನಾಣ್ಯಗಳು ಒಂದನ್ನೊಂದು ಹೋಲುವವೆಂಬ ದೂರು, ಮುಖ್ಯವಾಗಿ ದೃಷ್ಟಿಹೀನರಿಂದ, ಬಹುಕಾಲ ಕೇಳಿಬಂದಿತು. ಬೆರಳಿಗೆ ಭೇದ ತಿಳಿಯುವಂತಹ ಶ್ರೇಣಿಯೊಂದು ಬಂದದ್ದು 2019ರಲ್ಲಿ.

ಹತ್ತು ರೂಪಾಯಿಯ ಪ್ರಶ್ನೆ ಈಗಲೂ ಬಗೆಹರಿದಿಲ್ಲ. ಎರಡು ಲೋಹಗಳ ನಾಣ್ಯವು 2009ರಲ್ಲಿ ಚಲಾವಣೆಗೆ ಬಂದಿತು. 2018ರಲ್ಲಿ ಹೊಸ ಮಾದರಿಯ ನೋಟೂ ಬಂದಿತು. ನಡುವೆ ಪ್ಲಾಸ್ಟಿಕ್ ನೋಟುಗಳನ್ನು ಮೈಸೂರೂ ಸೇರಿದಂತೆ ಐದು ನಗರಗಳಲ್ಲಿ ಪರೀಕ್ಷಿಸುವುದಾಗಿ 2014ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತ್ತು. ಜೊತೆಯಲ್ಲಿ ನೋಟು ಸಿಗುತ್ತಿರುವಾಗ ನಾಣ್ಯವನ್ನು ಬೇಡವೆನ್ನುವುದು ಅಂಗಡಿಯವನಿಗೆ ಸುಲಭ. ಗೆರೆಗಳ ಸಂಖ್ಯೆ ಬೇರೆಯಾಗಿದೆ, ರೂಪಾಯಿಯ ಚಿಹ್ನೆಯಿಲ್ಲ, ಆದುದರಿಂದ ಇದು ಖೋಟಾ ಎಂಬ ವದಂತಿ ಹಬ್ಬಿತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಆವರೆಗಿನ 14 ಮಾದರಿಗಳೂ ಸಿಂಧುವೆಂದು ಪ್ರಕಟಿಸಬೇಕಾಯಿತು. ಒಂದೇ ಮೌಲ್ಯಕ್ಕೆ ಹದಿನಾಲ್ಕು ರೂಪಗಳನ್ನು ಕೊಟ್ಟು ಜನರ ಶಂಕೆಯನ್ನು ದೂರುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಹತ್ತು ರೂಪಾಯಿಯ ನೋಟನ್ನು ತೆಗೆದುಹಾಕಬೇಕೆ? ಕ್ರಮೇಣ ತೆಗೆದುಹಾಕುವುದೇ ಸರಿ ಎಂದು ನಾವು ತಿಳಿಯುತ್ತೇವೆ. ಆದರೆ ನಾಣ್ಯವು ಬ್ಯಾಂಕಿಗೆ ಮರಳುವ ದಾರಿ ಮೊದಲು ಸುಗಮವಾಗಬೇಕು. ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಾಣ್ಯಗಳನ್ನು ಒಂದು ಪಾವತಿಯಲ್ಲಿ ಸಾವಿರ ರೂಪಾಯಿಯವರೆಗೆ ಮಾತ್ರ ಒಪ್ಪಿಕೊಳ್ಳುವ ಬಾಧ್ಯತೆಯುಂಟು. ದಿನವಿಡೀ ಚಿಲ್ಲರೆಯಲ್ಲಿಯೇ ವ್ಯಾಪಾರ ಮಾಡುವ ತರಕಾರಿಯವಳಿಗೆ ಸಂಜೆ ಕೈಯಲ್ಲಿ ಉಳಿಯುವುದು ನಾಣ್ಯಗಳ ಚೀಲ. ಸಗಟು ಮಂಡಿಯವನು ಅದನ್ನು ನಿರಾಕರಿಸಿದರೆ, ಬ್ಯಾಂಕಿನ ಕಿಟಕಿಯಲ್ಲಿ ಎಣಿಸುವ ಬೇಸರಕ್ಕೆ ನಾಳೆ ಬಾ ಎಂದರೆ, ಅವಳ ಬಂಡವಾಳವೇ ಅಲ್ಲಿ ಸಿಕ್ಕಿಬೀಳುತ್ತದೆ. 2023ರಲ್ಲಿ ರಿಸರ್ವ್ ಬ್ಯಾಂಕು 12 ನಗರಗಳಲ್ಲಿ ಪ್ರಯೋಗಕ್ಕಾಗಿ ಪ್ರಕಟಿಸಿದ ಯಂತ್ರಗಳು ಮೊಬೈಲ್ ಪಾವತಿಗೆ ಪ್ರತಿಯಾಗಿ ನಾಣ್ಯಗಳನ್ನು ಕೊಡತಕ್ಕವು. ಅವಳಿಗೆ ಬೇಕಾಗಿರುವುದು ನಾಣ್ಯಗಳನ್ನು ತೆಗೆದುಕೊಳ್ಳುವ ಯಂತ್ರ.