ಹತ್ತು ಅಡಿಯ ದಾರಿ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲದ ಮಾತು. ಅಕ್ಕನ ಮದುವೆ ನಿಶ್ಚಯವಾಗಿತ್ತು; ಕೈಯಲ್ಲಿ ಹಣವಿರಲಿಲ್ಲ. ನಮ್ಮ ತಂದೆಯವರು ಬಹಳ ಸಂಕೋಚದಿಂದ, ನೂರು ಮೈಲಿ ದೂರದ ಪಟ್ಟಣದಲ್ಲಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವನವರಿಗೆ ಸಾಲ ಕೇಳಿ ಒಂದು ಕಾಗದ ಬರೆದರು. ಕಾರ್ಡಿನಲ್ಲಿ ಬರೆದರೆ ಕಂಡವರೆಲ್ಲ ಓದುವರೆಂದು ಲಕೋಟೆಯನ್ನೇ ತರಿಸಿ, ಅಂಟು ಹಚ್ಚಿ, ಎರಡೆರಡು ಸಲ ಒತ್ತಿ ನೋಡಿ, ನನ್ನ ಕೈಯಿಂದ ಅಂಚೆಪೆಟ್ಟಿಗೆಗೆ ಹಾಕಿಸಿದರು. ಬಸ್ಸು, ರೈಲು, ಅಂಚೆಯವನ ಚೀಲ ಇವೆಲ್ಲವನ್ನೂ ದಾಟಿ ಲಕೋಟೆಯು ಸ್ವಲ್ಪವೂ ಹರಿಯದೆ ಮಾವನವರ ಅಂಗಡಿಯನ್ನು ಮುಟ್ಟಿತು. ಅಲ್ಲಿ ಬಾಗಿಲ ಬಳಿ ಕುಳಿತಿದ್ದ ಗುಮಾಸ್ತನು ವಾಡಿಕೆಯಂತೆ ಟಪಾಲನ್ನೆಲ್ಲ ಒಡೆದು, ಲಕೋಟೆಗಳನ್ನು ಬುಟ್ಟಿಗೆ ಎಸೆದು, ಒಳಗಿದ್ದ ಹಾಳೆಗಳನ್ನು ಹುಡುಗನೊಬ್ಬನ ಕೈಯಲ್ಲಿ ಒಳಕೋಣೆಗೆ ಕಳುಹಿಸಿದನು. ಬಾಗಿಲಿನಿಂದ ಒಳಕೋಣೆಗೆ ಇದ್ದುದು ಹತ್ತೇ ಅಡಿ. ಆ ಹತ್ತು ಅಡಿಯ ದಾರಿಯಲ್ಲಿ ಕಾಗದವು ಮೂವರ ಕಣ್ಣಿಗೆ ಬಿತ್ತು. ವಾರ ಕಳೆಯುವುದರೊಳಗೆ ಸುದ್ದಿ ಬೀಗರ ಮನೆಯನ್ನು ತಲುಪಿತ್ತು. ಮದುವೆಯೇನೋ ನಡೆಯಿತು; ಆದರೆ ತಂದೆಯವರು ಚಪ್ಪರದ ಕೆಳಗೆ ತಲೆ ತಗ್ಗಿಸಿ ಓಡಾಡಿದ ಆ ದಿನವನ್ನು ನಾನು ಮರೆತಿಲ್ಲ.

ಇಂದು ನಮ್ಮ ಮನೆಮಾತುಗಳು ಕಾಗದದಲ್ಲಿ ಪಯಣಿಸುವುದು ಅಪರೂಪ. ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಅಂಕ, ರೋಗಿಯ ವರದಿ ಎಲ್ಲವೂ ಗಣಕಯಂತ್ರಗಳ ನಡುವೆ ವಿದ್ಯುತ್ತಿನ ಇಲ್ಲವೆ ಬೆಳಕಿನ ಸಂಕೇತಗಳಾಗಿ ಓಡಾಡುತ್ತವೆ. ವಾಹನ ಬದಲಾಗಿದೆ, ಅಪಾಯ ಮಾತ್ರ ಬದಲಾಗಿಲ್ಲ. ನೂರು ಮೈಲಿಯ ದಾರಿಯನ್ನು ಕಾಯ್ದುಕೊಂಡವರು ಹತ್ತು ಅಡಿಯ ದಾರಿಯಲ್ಲಿ ಮೈಮರೆತ ಪ್ರಸಂಗ ಈ ಹೊಸ ಲೋಕದಲ್ಲಿಯೂ ನಡೆದಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿಮ್ಮ ಅಜ್ಜಿಯ ರಕ್ತಪರೀಕ್ಷೆಯ ವರದಿಯನ್ನು ನೀವು ಮೊಬೈಲಿನಲ್ಲಿ ನೋಡಬಯಸುವಿರಿ ಎಂದು ಭಾವಿಸಿ. ನಿಮ್ಮ ಕೋರಿಕೆಯು ಮೊದಲು ಸರ್ವರ್ ಎಂಬ ಗಣಕಯಂತ್ರವನ್ನು ಮುಟ್ಟುತ್ತದೆ. ಈ ಸರ್ವರ್ ಅಂಗಡಿಯ ಬಾಗಿಲಲ್ಲಿ ಕುಳಿತ ಗುಮಾಸ್ತನಿದ್ದಂತೆ. ವರದಿ ಅದರ ಬಳಿ ಇರುವುದಿಲ್ಲ. ಅದು ಡೇಟಾಬೇಸ್ ಎಂಬ ಮಾಹಿತಿಯ ಉಗ್ರಾಣದಲ್ಲಿರುತ್ತದೆ. ಸರ್ವರ್ ಉಗ್ರಾಣವನ್ನು ಕೇಳಿ, ವರದಿಯನ್ನು ಪಡೆದು, ನಿಮಗೆ ಕಳುಹಿಸುತ್ತದೆ. ಹೀಗೆ ದಾರಿಗಳು ಎರಡು: ನಿಮ್ಮಿಂದ ಸರ್ವರಿನವರೆಗೆ ಹೊರದಾರಿ; ಸರ್ವರಿನಿಂದ ಡೇಟಾಬೇಸಿನವರೆಗೆ ಒಳದಾರಿ.

ಈ ಸರ್ವರುಗಳೂ ಉಗ್ರಾಣಗಳೂ ಈಗ ಬಹುಮಟ್ಟಿಗೆ ‘ಕ್ಲೌಡ್’, ಎಂದರೆ ‘ಮೇಘ’ ಎಂದು ಕರೆಯಲಾಗುವ ವ್ಯವಸ್ಥೆಯಲ್ಲಿವೆ. ಹೆಸರನ್ನು ಕೇಳಿ ಆಕಾಶವನ್ನು ನೋಡಬೇಕಾಗಿಲ್ಲ. ಇವು ನೆಲದ ಮೇಲಿನ ಭದ್ರವಾದ ಕಟ್ಟಡಗಳು. ಸಾವಿರಾರು ಗಣಕಯಂತ್ರಗಳನ್ನು ಜೋಡಿಸಿ, ಬೇಕಾದವರಿಗೆ ಬಾಡಿಗೆಗೆ ಕೊಡುವ ಕೇಂದ್ರಗಳು. ಅಮೆಜಾನ್ ಸಂಸ್ಥೆಯು ೨೦೧೬ರಲ್ಲಿ ಮುಂಬಯಿಯಲ್ಲಿಯೂ ೨೦೨೨ರಲ್ಲಿ ಹೈದರಾಬಾದಿನಲ್ಲಿಯೂ ಇಂಥ ಕೇಂದ್ರಗಳ ಸಮೂಹಗಳನ್ನು ತೆರೆಯಿತು. ಸರ್ವರ್ ಒಂದು ಕಟ್ಟಡದಲ್ಲಿದ್ದು ಡೇಟಾಬೇಸ್ ಮೈಲಿಗಳಾಚೆಯ ಇನ್ನೊಂದರಲ್ಲಿರುವುದುಂಟು. ಅವುಗಳ ನಡುವಣ ತಂತಿಗಳು ನಮ್ಮವಲ್ಲ, ಬಾಡಿಗೆಯವು.

ದಾರಿಯಲ್ಲಿ ಹೊರಟ ಮಾಹಿತಿಗೆ ಮೂರು ಅಪಾಯಗಳಿವೆ. ಪರರು ಅದನ್ನು ಓದಬಹುದು, ಇದು ಮೊದಲನೆಯದು. ಓದುವುದಷ್ಟೇ ಅಲ್ಲ, ತಿದ್ದಲೂಬಹುದು. ಅಜ್ಜಿಯ ವರದಿಯಲ್ಲಿ ೧೧೦ ಇದ್ದುದು ೨೧೦ ಆದರೆ ಔಷಧಿಯೇ ವಿಷವಾದೀತು. ಇದು ಎರಡನೆಯದು. ಮೂರನೆಯದು ವೇಷಧಾರಿಯ ಅಪಾಯ: ‘ನಾನೇ ಡೇಟಾಬೇಸ್’ ಎಂದು ನಟಿಸಿ, ಸರ್ವರಿನಿಂದ ಗುಪ್ತಪದವನ್ನೂ ಮಾಹಿತಿಯನ್ನೂ ಕಸಿಯುವವರಿರಬಹುದು.

ಮೊದಲನೆಯ ಅಪಾಯಕ್ಕೆ ಮನುಷ್ಯನು ಬಹು ಹಿಂದೆಯೇ ಮದ್ದನ್ನು ಹುಡುಕಿದನು. ಗೂಢಚಾರರ ವರ್ತಮಾನವನ್ನು ಸಂಜ್ಞಾಲಿಪಿಯಲ್ಲಿ ಕಳುಹಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ರೋಮಿನ ಜೂಲಿಯಸ್ ಸೀಸರನು ಪ್ರತಿ ಅಕ್ಷರಕ್ಕೂ ಮೂರು ಸ್ಥಾನ ಮುಂದಿನ ಅಕ್ಷರವನ್ನು ಬರೆಯುತ್ತಿದ್ದನು; ‘ಕ’ ಎಂಬಲ್ಲಿ ‘ಘ’ ಬರೆದಂತೆ. ಓದಬೇಕಾದವನಿಗೆ ‘ಮೂರು’ ಎಂಬ ಕೀಲಿಕೈ ಗೊತ್ತಿದ್ದರೆ ಸಾಕು. ಆದರೆ ಆ ಕೀಲಿಕೈಯನ್ನು ಕಳುಹಿಸುವುದು ಹೇಗೆ? ಅದೂ ಅದೇ ದಾರಿಯಲ್ಲಿ ಹೋದರೆ, ಕಳ್ಳನ ಕೈಗೆ ಪೆಟ್ಟಿಗೆಯ ಜೊತೆಗೆ ಬೀಗದ ಕೈಯನ್ನೂ ಕೊಟ್ಟಂತಾಗುವುದಿಲ್ಲವೆ?

ಶತಮಾನಗಳ ಕಾಲ ಕಾಡಿದ ಈ ಪ್ರಶ್ನೆಗೆ ೧೯೭೬ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ವಿದ್ವಾಂಸರು ಸೊಗಸಾದ ಉತ್ತರವೊಂದನ್ನು ಪ್ರಕಟಿಸಿದರು. ಅದರ ಸಾರವನ್ನು ನೀವೇ ಲೆಕ್ಕ ಮಾಡಿ ನೋಡಬಹುದು. ೩ ಮತ್ತು ೧೭ ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ಗೊತ್ತಿರಲಿ. ಸರ್ವರ್ ಮನಸ್ಸಿನಲ್ಲಿಯೇ ೨ ಎಂದೂ ಡೇಟಾಬೇಸ್ ತನ್ನಲ್ಲಿಯೇ ೪ ಎಂದೂ ಇಟ್ಟುಕೊಳ್ಳಲಿ. ಸರ್ವರ್ ೩ನ್ನು ಎರಡು ಸಲ ಇಟ್ಟು ಗುಣಿಸಿ ೧೭ರಿಂದ ಭಾಗಿಸಿದರೆ ಶೇಷ ೯; ಅದನ್ನು ಬಹಿರಂಗವಾಗಿಯೇ ಕಳುಹಿಸುತ್ತದೆ. ಡೇಟಾಬೇಸ್ ೩ನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ ೮೧. ೧೭ರಿಂದ ಭಾಗಿಸಿದಾಗ ಶೇಷ ೧೩. ಅದನ್ನು ಅದೂ ಕಳುಹಿಸುತ್ತದೆ. ಈಗ ಸರ್ವರ್ ತನಗೆ ಬಂದ ೧೩ನ್ನು ಎರಡು ಸಲ ಗುಣಿಸಿದರೆ ೧೬೯, ಶೇಷ ೧೬. ಡೇಟಾಬೇಸ್ ತನಗೆ ಬಂದ ೯ನ್ನು ನಾಲ್ಕು ಸಲ ಗುಣಿಸಿದರೆ ೬೫೬೧. ಶೇಷ ಅಲ್ಲಿಯೂ ೧೬! ಇದೇ ಇಬ್ಬರ ಗುಪ್ತ ಕೀಲಿಕೈ. ಅದು ದಾರಿಯಲ್ಲಿ ಪಯಣಿಸಲೇ ಇಲ್ಲ. ದಾರಿಯಲ್ಲಿ ಹೊಂಚುಹಾಕಿದವನಿಗೆ ೩, ೧೭, ೯, ೧೩ ಕಂಡವೇ ಹೊರತು ೧೬ ಕಾಣಲಿಲ್ಲ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಅವನು ಊಹಿಸಿಬಿಟ್ಟಾನು. ಆದುದರಿಂದ ವ್ಯವಹಾರದಲ್ಲಿ ನೂರಾರು ಅಂಕಿಗಳ ಸಂಖ್ಯೆಗಳನ್ನು ಬಳಸುವ ಪದ್ಧತಿಯಿದೆ.

ಈ ಉಪಾಯವನ್ನು ಆಧರಿಸಿದ ಸಂಚಾರನಿಯಮಗಳಿಗೆ ಇಂದು ಟಿ.ಎಲ್.ಎಸ್. ಎಂದು ಹೆಸರು. ೧೯೯೫ರಲ್ಲಿ ಎಸ್.ಎಸ್.ಎಲ್. ಎಂಬ ಹೆಸರಿನಿಂದ ಬಳಕೆಗೆ ಬಂದ ಪದ್ಧತಿಯು ೧೯೯೯ರಲ್ಲಿ ಟಿ.ಎಲ್.ಎಸ್. ಆಯಿತು, ಅದರ ೧.೩ನೆಯ ಆವೃತ್ತಿ ೨೦೧೮ರಲ್ಲಿ ಹೊರಬಂದಿತು. ಇದರಲ್ಲಿ ಮೊದಲು ಎರಡು ಯಂತ್ರಗಳು ಮೇಲೆ ಹೇಳಿದ ಬಗೆಯಲ್ಲಿ ಕೀಲಿಕೈಯನ್ನು ನಿರ್ಮಿಸಿಕೊಳ್ಳುತ್ತವೆ. ಅನಂತರ ಮಾಹಿತಿಯನ್ನು ಸಾಮಾನ್ಯವಾಗಿ ಎ.ಇ.ಎಸ್. ಎಂಬ ವಿಧಾನದಿಂದ ಗೂಢಲಿಪಿಗೆ ತಿರುಗಿಸಲಾಗುತ್ತದೆ. ಬೆಲ್ಜಿಯಮ್ಮಿನ ಇಬ್ಬರು ವಿದ್ವಾಂಸರು ರೂಪಿಸಿದ ಈ ವಿಧಾನವನ್ನು ಅಮೆರಿಕ ಸರ್ಕಾರವು ೨೦೦೧ರಲ್ಲಿ ಮಾನಕವಾಗಿ ಅಂಗೀಕರಿಸಿತು. ಇದರ ಅತಿ ಚಿಕ್ಕ ಕೀಲಿಕೈಯನ್ನು ಊಹಿಸಹೊರಟವನ ಮುಂದಿರುವ ಸಾಧ್ಯತೆಗಳ ಸಂಖ್ಯೆಯೇ ೩೯ ಅಂಕಿಗಳಷ್ಟು ಉದ್ದ. ಪ್ರತಿ ಕಂತಿನ ಮಾಹಿತಿಯ ಜೊತೆಗೆ ಅರಗಿನ ಮುದ್ರೆಯಂಥ ಗುರುತೊಂದು ಇರುತ್ತದೆ. ನಡುವೆ ಒಂದಕ್ಷರವನ್ನು ತಿದ್ದಿದರೂ ಮುದ್ರೆ ಹೊಂದುವುದಿಲ್ಲ. ಇನ್ನು ವೇಷಧಾರಿಯ ಪತ್ತೆಗೆ ಪ್ರಮಾಣಪತ್ರವಿದೆ. ನಂಬಿಕೆಗೆ ಅರ್ಹವಾದ ಸಂಸ್ಥೆಯೊಂದು ‘ಈ ಯಂತ್ರ ಇಂಥದೇ’ ಎಂದು ಸಹಿ ಮಾಡಿದ ಪತ್ರವದು. ಹೀಗೆ ಮೂರು ಅಪಾಯಗಳಿಗೂ ಒಂದೇ ಕಡೆ ಪರಿಹಾರ ದೊರೆಯಿತು.

ಪರಿಹಾರ ದೊರೆತರೆ ಸಾಲದು, ಅದನ್ನು ಬಳಸಬೇಕು. ಹೊರದಾರಿಯಲ್ಲಿ ಗೂಢಲಿಪಿಯನ್ನು ಬಳಸಿದ ಅನೇಕರು ಒಳದಾರಿಯಲ್ಲಿ ಬಳಸಲಿಲ್ಲ. ‘ಇದು ನಮ್ಮ ಅಂಗಳ, ಇಲ್ಲಿ ಯಾರು ಬರುತ್ತಾರೆ?’ ಎಂಬುದು ಅವರ ನಂಬಿಕೆ. ಲಿಪಿಯನ್ನು ತಿರುಗಿಸುವ ಕೆಲಸಕ್ಕೆ ತಗಲುವ ಸಮಯವೂ ವೆಚ್ಚವೂ ಅವರನ್ನು ಹಿಂಜರಿಸಿದವು. ಈ ನಂಬಿಕೆಗೆ ಪೆಟ್ಟು ಬಿದ್ದುದು ೨೦೧೩ರ ಅಕ್ಟೋಬರ್ ೩೦ರಂದು. ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳನ್ನು ಆಧರಿಸಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯು ಅಂದು ಒಂದು ಸುದ್ದಿಯನ್ನು ಪ್ರಕಟಿಸಿತು. ಗೂಗಲ್ ಮತ್ತು ಯಾಹೂ ಸಂಸ್ಥೆಗಳ ಮಾಹಿತಿ ಕೇಂದ್ರಗಳನ್ನು ಪರಸ್ಪರ ಜೋಡಿಸಿದ್ದ ತಂತಿಗಳಿಂದ ಅಮೆರಿಕ ಮತ್ತು ಬ್ರಿಟನ್ನಿನ ಬೇಹುಗಾರಿಕೆಯ ಇಲಾಖೆಗಳು ಮಾಹಿತಿಯನ್ನು ಕದ್ದು ಪಡೆಯುತ್ತಿದ್ದವೆಂಬುದೇ ಆ ಸುದ್ದಿ. ದಾಖಲೆಗಳಲ್ಲಿ ಕೈಯಿಂದ ಬರೆದ ಒಂದು ಚಿತ್ರವಿತ್ತು. ಹೊರಗಿನಿಂದ ಬಂದ ಮಾಹಿತಿಯ ಗೂಢಲಿಪಿಯನ್ನು ಗೂಗಲಿನ ಬಾಗಿಲಲ್ಲಿ ಎಲ್ಲಿ ಕಳಚಲಾಗುತ್ತದೆಂಬುದನ್ನು ಅದರಲ್ಲಿ ಬಾಣದಿಂದ ತೋರಿಸಿ, ಪಕ್ಕದಲ್ಲಿ ನಗುವ ಮುಖವೊಂದನ್ನು ಬರೆಯಲಾಗಿತ್ತು. ಗುಮಾಸ್ತನು ಲಕೋಟೆ ಒಡೆಯುವ ಸ್ಥಳವನ್ನು ಹೊಂಚುಗಾರರು ಕಂಡುಕೊಂಡಿದ್ದರು! ಗೂಗಲ್ ತನ್ನ ಒಳದಾರಿಗಳಿಗೂ ಗೂಢಲಿಪಿಯನ್ನು ಅಳವಡಿಸುವ ಕೆಲಸವನ್ನು ತ್ವರೆಗೊಳಿಸಿತು. ಯಾಹೂ ತನ್ನ ಕೇಂದ್ರಗಳ ನಡುವೆ ಅದನ್ನು ೨೦೧೪ರ ಮಾರ್ಚ್ ೩೧ರ ಹೊತ್ತಿಗೆ ಪೂರೈಸಿತು.

ಡೇಟಾಬೇಸಿನ ಬಾಗಿಲಲ್ಲಿಯೂ ಇಂಥದೇ ಎಚ್ಚರ ಅಗತ್ಯ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸಿನೊಡನೆ ಸಂಪರ್ಕ ಬೆಳೆಸುವಾಗ ಭದ್ರತೆಯ ಆರು ಮಟ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಯಾವುದನ್ನೂ ಹೇಳದಿದ್ದರೆ ತಾನಾಗಿ ದೊರೆಯುವ ಮಟ್ಟ ‘ಪ್ರಿಫರ್’. ‘ಸಾಧ್ಯವಾದರೆ ಗೂಢಲಿಪಿ, ಆಗದಿದ್ದರೆ ಬಯಲಾಗಿಯೇ ಹೋಗಲಿ’ ಎಂಬುದು ಇದರ ಅರ್ಥ. ಮಳೆ ಬಂದಾಗ ಕೊಡೆ ಸಿಕ್ಕರೆ ಹಿಡಿಯುತ್ತೇನೆ ಎಂದಂತಾಯಿತು. ‘ರಿಕ್ವೈರ್’ ಎಂಬ ಮಟ್ಟದಲ್ಲಿ ಗೂಢಲಿಪಿ ಕಡ್ಡಾಯ. ಆದರೆ ಎದುರಿಗಿರುವವರು ಯಾರೆಂಬ ವಿಚಾರಣೆ ಸಾಮಾನ್ಯವಾಗಿ ಇಲ್ಲ. ಲಕೋಟೆಯನ್ನು ಭದ್ರವಾಗಿ ಅಂಟಿಸಿ ವೇಷಧಾರಿಯ ಕೈಗೇ ಕೊಡುವ ಸಂಭವ ಅಲ್ಲಿ ಉಳಿದಿರುತ್ತದೆ. ‘ವೆರಿಫೈ-ಫುಲ್’ ಎಂಬ ಕೊನೆಯ ಮಟ್ಟದಲ್ಲಿ ಮಾತ್ರ ಪ್ರಮಾಣಪತ್ರದ ಸಹಿಯನ್ನೂ ಅದರಲ್ಲಿರುವ ಹೆಸರನ್ನೂ ಪರೀಕ್ಷಿಸಿದ ಮೇಲೆಯೇ ಮಾತುಕತೆ ಮೊದಲಾಗುತ್ತದೆ. ಪರರ ಗುಟ್ಟನ್ನು ಕಾಯುವ ಹೊಣೆ ಹೊತ್ತವರು ಆರಿಸಿಕೊಳ್ಳಬೇಕಾದುದು ಇದನ್ನೇ.

ದಾರಿಯ ರಕ್ಷಣೆಯಿಂದ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ದಾರಿಯ ಎರಡು ತುದಿಗಳಲ್ಲಿಯೂ ಗೂಢಲಿಪಿ ಕಳಚುತ್ತದೆ. ಉಗ್ರಾಣದಲ್ಲಿ ಮಲಗಿರುವ ಮಾಹಿತಿಗೆ ಬೇರೆ ಬೀಗ ಬೇಕು. ಅದನ್ನು ತೆರೆಯುವ ಮನುಷ್ಯರಿಗೆ ಶೀಲ ಬೇಕು. ಯಾವ ಗಣಿತವೂ ಆ ಶೀಲಕ್ಕೆ ಬದಲಾಗಿ ನಿಲ್ಲಲಾರದು.

ನಮ್ಮ ಮಾವನವರ ಗುಮಾಸ್ತನು ಕೆಟ್ಟವನಾಗಿರಲಿಲ್ಲ. ಹತ್ತು ಅಡಿಯಲ್ಲಿ ಏನಾದೀತು ಎಂದು ಅವನು ಯೋಚಿಸಿರಲಿಲ್ಲ, ಅಷ್ಟೆ. ನಾಳೆ ನಿಮ್ಮಲ್ಲಿ ಕೆಲವರು ಇಂಥ ಸರ್ವರುಗಳನ್ನೂ ಡೇಟಾಬೇಸುಗಳನ್ನೂ ಕಟ್ಟುವವರಾಗುವಿರಿ. ಯಾರೋ ಒಬ್ಬ ತಂದೆಯ ಕಷ್ಟ, ಯಾರೋ ಒಬ್ಬ ಅಜ್ಜಿಯ ಕಾಯಿಲೆ ನಿಮ್ಮ ಕೈಯ ಮೂಲಕ ಹಾದುಹೋಗುವುದು. ಆಗ ದಾರಿ ಎಷ್ಟು ಉದ್ದವೆಂದು ಅಳೆಯುವ ಮೊದಲು, ಅದರಲ್ಲಿ ಹೋಗುತ್ತಿರುವುದು ಯಾರ ಮಾನವೆಂದು ಕೇಳಿಕೊಳ್ಳಿರಿ.